ಸೇಬಿನ ಮರಕ್ಕೆ ದ್ರಾಕ್ಷಿಯ ಚಾಟ್ನಿ

2020ರ ಜನವರಿ ಕೊನೆಗೆ ನಾನು ನೆದರ್ಲೆಂಡ್ಸ್ ದೇಶದ ಮಾಸ್ಟ್ರಿಕ್ಟ್ ಊರಿಗೆ ಹೋದೆ. ಆಗ ನನಗೆ ಅರವತ್ತು ವರ್ಷ. ಅದಕ್ಕೂ ಮೊದಲು ಮೂವತ್ತೊಂದು ವರ್ಷ ವಿಜಯಪುರ ಸೀಮೆಯ ದ್ರಾಕ್ಷಿ ತೋಟಗಳಲ್ಲಿ ಚಾಟ್ನಿ ಮಾಡಿದವಳು ನಾನು. ಚಾಟ್ನಿ ಎಂದರೆ ಬಳ್ಳಿಯನ್ನು ಕತ್ತರಿಸಿ ಹದಕ್ಕೆ ತರುವ ಕೆಲಸ. ಕೊನೆಯ ಹನ್ನೆರಡು ವರ್ಷ ಹದಿನಾಲ್ಕು ಹೆಂಗಸರ ಗ್ಯಾಂಗಿಗೆ ಮುಕಾದಮಳಾಗಿದ್ದೆ, ಎಂದರೆ ಮೇಸ್ತ್ರಿ. ಓದಿದ್ದು ನಾಲ್ಕನೇ ಇಯತ್ತೆ. ಗ್ಯಾಂಗಿನ ಹಾಜರಿ ಬರೆದೂ ಬರೆದೂ ಅಕ್ಷರ ಕೈಯಲ್ಲಿ ಉಳಿದವು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಮಾಸ್ಟ್ರಿಕ್ಟಿಗೆ ಹೋದದ್ದು ಬಾಣಂತನಕ್ಕೆ. ಮಗಳು ಸವಿತಾ ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಫೆಬ್ರವರಿ ಮೊದಲ ವಾರದಲ್ಲಿ ಮೊಮ್ಮಗಳು ಗೌರಿ ಹುಟ್ಟಿದಳು. ಅವಳ ವಿಷಯ ಬರೆಯಲು ಕೂತರೆ ಬೇರೆ ಯಾವುದಕ್ಕೂ ಜಾಗ ಉಳಿಯುವುದಿಲ್ಲ! ಎರಡನೇ ದಿನವೇ ನನ್ನ ಕಿರುಬೆರಳು ಹಿಡಿದಳು. ಬಿಡಿಸಲು ಹೋದರೆ ಬಿಡಲಿಲ್ಲ. ಕತ್ತರಿ ಹಿಡಿದು ಗಟ್ಟಿಯಾದ ಬೆರಳು ಅದು, ಅದಕ್ಕೂ ಇಷ್ಟು ಮೆತ್ತನೆಯ ಹಿಡಿತ ಸಿಗುವ ಯೋಗವಿತ್ತಲ್ಲ ಎಂದು ಆಸ್ಪತ್ರೆಯಲ್ಲೇ ಅತ್ತುಬಿಟ್ಟೆ. ಬಾಣಂತಿ ನನ್ನನ್ನು ಸಮಾಧಾನ ಮಾಡಬೇಕಾಯಿತು. ಇರಲಿ, ಈಗ ಹೇಳಬೇಕಾದದ್ದು ಒಂದು ಮರದ ಮಾತು.

ಮಗಳ ಮನೆ ಊರ ಅಂಚಿನಲ್ಲಿ. ರಸ್ತೆ ದಾಟಿದರೆ ಒಂದು ಹಳೆಯ ಸೇಬಿನ ತೋಟ, ಆರೇ ಮರ. ಈಗಿನ ತೋಟಗಳಲ್ಲಿ ಆಳೆತ್ತರದ ಗಿಡಗಳನ್ನು ತಂತಿಗೆ ಕಟ್ಟಿ ಬೆಳೆಸುತ್ತಾರೆ. ಇವು ಹಾಗಲ್ಲ, ಕೆಳಗೆ ಕುರಿ ಮೇಯಲಿ ಎಂದು ಎತ್ತರಕ್ಕೆ ಬಿಟ್ಟ ಹಳೇ ಕಾಲದ ಮರಗಳು. ಮಗುವನ್ನು ಗಾಡಿಯಲ್ಲಿ ಮಲಗಿಸಿ ತಾಯಿ ಮಗಳು ದಿನಾ ಆ ಬೇಲಿಯ ಪಕ್ಕದಲ್ಲಿ ತಿರುಗಾಡುತ್ತಿದ್ದೆವು. ಗೇಟಿನ ಪಕ್ಕದ ಮರ ನೋಡಿದರೆ ನನಗೆ ಕೈ ತಡೆಯುತ್ತಿರಲಿಲ್ಲ. ಕೊಂಬೆಯ ಮೇಲೆ ಕೊಂಬೆ, ಒಂದನ್ನೊಂದು ಉಜ್ಜಿ ಗಾಯವಾಗಿತ್ತು. ತೊಗಟೆಗೆಲ್ಲ ಬೂದು ಪಾಚಿ. ನೆತ್ತಿಯಲ್ಲಿ ಬಂದಳಿಕೆ ಬೆಳೆದು ಹಕ್ಕಿಗೂಡಿನ ಹಾಗೆ ಕೂತಿತ್ತು.

ಒಂದು ದಿನ ತೋಟದ ಯಜಮಾನರು ಕೋಲೂರಿಕೊಂಡು ಬಂದರು. ಹೆಸರು ಹ್ಯೂಬ್, ಎಂಬತ್ತೊಂದು ವರ್ಷ.

"ಏನ್ ನೋಡಾಕತ್ತೀರಿ ಅಂತ ಕೇಳ್ತಾರವ್ವ," ಎಂದಳು ಸವಿತಾ.

"ಈ ಗಿಡಕ್ಕ ಯಾರೂ ದಿಕ್ಕಿಲ್ಲೇನು, ಕೇಳು."

"ಹಂಗ ಕೇಳಾಕ ಬರಂಗಿಲ್ಲವ್ವ!"

ಆದರೂ ಕೇಳಿದಳು. ಅವರು ಬೇಸರ ಮಾಡಿಕೊಳ್ಳದೆ ಏಳು ವರ್ಷದಿಂದ ದಿಕ್ಕಿಲ್ಲ ಎಂದರು. ಮರ ಅವರ ಹೆಂಡತಿ ಮಿಯಾಳ ಅಪ್ಪ ನೆಟ್ಟದ್ದು. ಕತ್ತರಿಸುವುದನ್ನು ಅಪ್ಪನಿಂದ ಕಲಿತವಳೂ ಮಿಯಾಳೇ. ಐವತ್ತು ವರ್ಷ ಅವಳೇ ಮರ ಹತ್ತಿದಳು, ಇವರು ಕೆಳಗೆ ಏಣಿ ಹಿಡಿದರು. ಏಳು ವರ್ಷದ ಹಿಂದೆ ಅವಳಿಗೆ ಮರೆವಿನ ಕಾಯಿಲೆ ಬಂತು. ಈಗ ವೃದ್ಧರನ್ನು ನೋಡಿಕೊಳ್ಳುವ ಮನೆಯಲ್ಲಿದ್ದಾಳೆ, ಗಂಡನ ಹೆಸರೂ ನೆನಪಿಲ್ಲ.

ಆ ಮರದ್ದು ಬೇಸಿಗೆ ಸೇಬು, ಜುಲೈ ಕೊನೆಗೆ ಹಣ್ಣಾಗುವ ತಿಳಿ ಹಳದಿ ಜಾತಿ. ಕಿತ್ತ ವಾರದೊಳಗೆ ಹಿಟ್ಟುಹಿಟ್ಟಾಗುತ್ತದೆ, ಹಾಗಾಗಿ ಅಂಗಡಿಗೆ ಬರುವುದೇ ಇಲ್ಲ. ಮದುವೆಯಾದಾಗಿನಿಂದ ವರ್ಷದ ಮೊದಲ ಹಣ್ಣು ಮಿಯಾಳಿಗೆ. ಆದರೆ ಹಿಂದಿನ ಎರಡು ವರ್ಷ ಬಂದದ್ದೆಲ್ಲ ಹುಳುಕು.

"ಈ ಬ್ಯಾಸಿಗಿಗೆ ಒಂದ ಒಳ್ಳೆ ಹಣ್ಣು ಬೇಕಂತ," ಎಂದಳು ಸವಿತಾ. "ಇವರ ಮುಖ ಮಿಯಾ ಮರ್ತಾರಂತ. ಆದ್ರ ಆ ರುಚಿ ನೆನಪಿರಬೇಕು, ಒಮ್ಮೆ ತಿನಿಸಿ ನೋಡ್ತೀನಿ ಅಂತಾರ."

ನಾನು ಏನು ಕೆಲಸ ಮಾಡಿದವಳೆಂದು ಸವಿತಾ ಹೇಳಿದಳು. ಅವರು ನನ್ನ ಕೈ ನೋಡಿದರು. ಅಂದಿನಿಂದ ನನ್ನನ್ನು ಓಮಾ ಎಂದು ಕರೆಯತೊಡಗಿದರು. ಅವರ ಭಾಷೆಯಲ್ಲಿ ಅಜ್ಜಿ ಎಂದರ್ಥ. ಎಂಬತ್ತೊಂದರ ಅಜ್ಜ ನನ್ನನ್ನು ಅಜ್ಜಿ ಎನ್ನುವುದು! ಮೊಮ್ಮಗಳ ಹೆಸರಿನಲ್ಲಿ ಬಂದ ಪದವಿ ಎಂದು ಅದನ್ನೂ ಖುಷಿಯಿಂದ ತೆಗೆದುಕೊಂಡೆ.

ಮಾರ್ಚ್‌ನಲ್ಲಿ ಕರೋನಾ ಬಂತು. ಮಿಯಾ ಇದ್ದ ಮನೆ ಹೊರಗಿನವರಿಗೆ ಬಾಗಿಲು ಹಾಕಿತು. ಅದೇ ವಾರ ಹ್ಯೂಬ್ ಜ್ವರ ಬಂದು ಎರಡು ವಾರ ಮನೆಯೊಳಗೆ ಉಳಿದರು. ಅವರ ಮನೆ ಹಿಂದಿನ ಬೀದಿಯಲ್ಲಿ, ಅಲ್ಲಿಂದ ತೋಟ ಕಾಣುವುದಿಲ್ಲ. ಇತ್ತ ಮರದ ಕಣ್ಣುಗಳು ಉಬ್ಬುತ್ತಿದ್ದವು. ಕಣ್ಣು ಎಂದರೆ ಚಿಗುರು ಒಡೆಯುವ ಮೊಗ್ಗು. ಅದು ಒಡೆಯುವ ಮೊದಲೇ ಚಾಟ್ನಿ ಮುಗಿಯಬೇಕು. ಅವರು ಫೋನ್ ಮಾಡಿ, ಗರಗಸ, ಕತ್ತರಿ, ಏಣಿ ಎಲ್ಲ ಕೊಟ್ಟಿಗೆಯಲ್ಲಿವೆ, ಓಮಾ ಮಾಡುತ್ತಾರಾ ಎಂದು ಕೇಳಿದರು.

"ನಾಕರಾಗ ಒಂದ ಪಾಲು ಮಾತ್ರ ತೆಗೀಬೇಕಂತ ಅವ್ವಾ," ಎಂದಳು ಸವಿತಾ, ಫೋನನ್ನು ಕೈಯಿಂದ ಮುಚ್ಚಿ. "ಉಳಿದದ್ದು ಮುಂದಿನ ವರ್ಷ, ಅದರ ಮುಂದಿನ ವರ್ಷ. ಮಿಯಾ ಹಂಗ ಮಾಡ್ತಿದ್ರಂತ."

"ಇವರು ಯಾವಾಗರ ಚಾಟ್ನಿ ಮಾಡ್ಯಾರೇನು?"

"ಇಲ್ಲ. ಏಣಿ ಹಿಡೀತಿದ್ರು."

"ಏಣಿ ಹಿಡದವರಿಗೆ ಗಿಡದ ಹೊಟ್ಟಿ ಏನ್ ತಿಳೀತೈತಿ? ಹೂಂ ಅನ್ನು, ಸಾಕು."

ಇಲ್ಲಿ ನನ್ನ ಕಸುಬಿನ ವಿಷಯ ಸ್ವಲ್ಪ ಹೇಳಬೇಕು. ದ್ರಾಕ್ಷಿಗೆ ವರ್ಷಕ್ಕೆ ಎರಡು ಚಾಟ್ನಿ. ಏಪ್ರಿಲ್‌ನಲ್ಲಿ ಪ್ರತಿ ಕಡ್ಡಿಗೆ ಒಂದೆರಡು ಕಣ್ಣು ಬಿಟ್ಟು ಉಳಿದದ್ದೆಲ್ಲ ತೆಗೆಯುತ್ತೇವೆ. ತೋಟ ಬೋಳಾಗಿ ನಿಲ್ಲುತ್ತದೆ. ಅಕ್ಟೋಬರ್‌ನಲ್ಲಿ ಮತ್ತೆ ಹಣ್ಣಿನ ಚಾಟ್ನಿ. ಅಂದಿನಿಂದ ನೂರಿಪ್ಪತ್ತು, ನೂರಮೂವತ್ತು ದಿನಕ್ಕೆ ಗೊನೆ ಕೈಗೆ ಬರುತ್ತದೆ. ಗ್ಯಾಂಗಿಗೆ ಹೊಸದಾಗಿ ಬಂದ ಹೆಂಗಸರು ಅಂಜಿ ಅಂಜಿ ಕತ್ತರಿಸಿದರೆ, "ಯಾಕ, ನಿನ್ನ ಜಡಿ ಅದೇನು?" ಎಂದು ಬೈದವಳು ನಾನು. ಮೂವತ್ತೊಂದು ವರ್ಷ ನನ್ನ ಕೈ ಕಲಿತದ್ದು ಇದೊಂದೇ.

ಮೊದಲ ದಿನ ಅವರು ಹೇಳಿದಂತೆಯೇ ಮಾಡಿದೆ. ಬಂದಳಿಕೆ, ಒಣಗಿದ ಕೊಂಬೆ, ಕೊಳೆತದ್ದು ತೆಗೆದೆ. ಅಷ್ಟಕ್ಕೇ ನಾಲ್ಕರಲ್ಲೊಂದು ಪಾಲು ಆಗಿತ್ತು. ಎರಡನೇ ದಿನ ಬೆಳಿಗ್ಗೆ ಸುಮ್ಮನೆ ನೋಡಲು ಹೋದವಳು ಮತ್ತೆ ಏಣಿ ಹತ್ತಿದೆ. ಹಳೆಯ ಕೊಂಬೆಗಳ ಉದ್ದಕ್ಕೂ ಗಂಟುಗಂಟಾದ ಗಿಡ್ಡ ಕಡ್ಡಿಗಳಿದ್ದವು, ಮುದುಕರ ಬೆರಳಿನ ಗೆಣ್ಣುಗಳ ಹಾಗೆ. ಇವು ಮರದ ಸತ್ವ ಸುಮ್ಮನೆ ತಿನ್ನುತ್ತಿವೆ ಎನಿಸಿತು. ಒಂದೊಂದನ್ನೂ ಕತ್ತರಿಸಿದೆ.

ಮಧ್ಯಾಹ್ನ ಸವಿತಾ ಮಗು ಎತ್ತಿಕೊಂಡು ಗೇಟಿಗೆ ಬಂದಳು. "ಅವ್ವಾ, ಇದು ನಾಕರಾಗ ಒಂದ ಪಾಲಲ್ಲ."

"ನಿನ್ನ ಕಾಗದದ ಕೆಲಸ ನೀ ನೋಡು. ಗಾಳಿಗೆ ಕೂಸಿನ ಕಿವಿ ಮುಚ್ಚು ಮೊದಲು."

ಸಂಜೆ ಇಳಿದು ನೋಡಿದರೆ ಮರ ಚೊಕ್ಕವಾಗಿ, ಆಕಾಶ ಕಾಣುವಂತೆ ನಿಂತಿತ್ತು. ಆ ದಿನ ನನಗಾದ ಸಂತೋಷವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಏಪ್ರಿಲ್‌ನಲ್ಲಿ ಹ್ಯೂಬ್ ಹುಷಾರಾಗಿ ಹೊರಗೆ ಬಂದರು. ಬಹಳ ಹೊತ್ತು ಮರದ ಕೆಳಗೆ ನಿಂತು ಮೇಲೆ ನೋಡಿದರು. ಉಳಿದ ಐದು ಮರಗಳು ಹೂ ಹೊತ್ತವು. ಇದರಲ್ಲಿ, ನನ್ನ ಏಣಿ ಮುಟ್ಟದ ಒಂದು ಕೊಂಬೆಯ ತುದಿಯಲ್ಲಿ ಮಾತ್ರ ನಾಲ್ಕು ಗೊಂಚಲು ಹೂ.

"ಹೂ ಯಾವಾಗ ಬರ್ತಾವು ಅಂತ ಕೇಳ್ತಾರವ್ವ."

"ಹೊಸ ಚಿಗುರು ಬರಲಿ. ಚಿಗುರಿನ ಮ್ಯಾಲೆ ಬರ್ತಾವು ಅಂತ ಹೇಳು," ಎಂದೆ, ಮುಕಾದಮಳ ಗತ್ತಿನಲ್ಲಿ.

ದ್ರಾಕ್ಷಿಯಲ್ಲಿ ಹಾಗೆಯೇ. ಆ ವರ್ಷದ ಚಿಗುರಿನ ಮೇಲೆಯೇ ಆ ವರ್ಷದ ಗೊನೆ. ಮೇ ತಿಂಗಳಲ್ಲಿ ಚಿಗುರೇನೋ ಬಂತು, ಕೋಲಿನ ಹಾಗೆ ನೆಟ್ಟಗೆ, ನಲವತ್ತಕ್ಕೂ ಹೆಚ್ಚು. ದಿನಾ ಬೆಳಿಗ್ಗೆ ಗೌರಿಯನ್ನು ಎತ್ತಿಕೊಂಡು ಹೋಗಿ ಒಂದೊಂದು ಚಿಗುರಿನ ಬುಡ ನೋಡುತ್ತಿದ್ದೆ. ಮಗು ನಗುವುದನ್ನು ಕಲಿತದ್ದು ಆ ದಿನಗಳಲ್ಲೇ. ಎಲೆ ಅಲುಗಿದರೆ ನಗುತ್ತಿದ್ದಳು; ಅವಳ ನಗು ನೋಡಿ ನಾನೂ ನಗುತ್ತಿದ್ದೆ, ಆಮೇಲೆ ಮರ ನೋಡಿ ಬಾಯಿ ಮುಚ್ಚುತ್ತಿದ್ದೆ. ಎಲೆ ಬಿಟ್ಟರೆ ಏನೂ ಇರಲಿಲ್ಲ.

ಕೊನೆಗೆ ಒಂದು ಸಂಜೆ ಸವಿತಾ ಓದಿ ಹೇಳಿದಳು. ಸೇಬು ಹೊಸ ಚಿಗುರಿನಲ್ಲಿ ಹಣ್ಣು ಬಿಡುವುದಿಲ್ಲ. ಎರಡು ಮೂರು ವರ್ಷ ಹಳತಾದ ಆ ಗಂಟುಗಂಟಾದ ಗಿಡ್ಡ ಕಡ್ಡಿಗಳಲ್ಲೇ ಹೂವಿನ ಕಣ್ಣು ಇರುತ್ತದೆ. ಅವನ್ನು ತೆಗೆದರೆ ಮತ್ತೆ ಕಟ್ಟಲು ಅಷ್ಟೇ ವರ್ಷ ಬೇಕು. ಬಹಳ ಕಡಿದರೆ ಮರ ಗಾಬರಿಯಾಗಿ ಕೋಲು ಚಿಗುರನ್ನೇ ಹಾಕುತ್ತದೆ. ನಾನು ಊಟದ ತಟ್ಟೆ ಸರಿಸಿ ಕೂತೆ. ಮೇಲಿನ ಕೊಂಬೆಯಲ್ಲಿ ಕಟ್ಟಿದ್ದ ನಾಲ್ಕು ಹೀಚುಗಳೂ ಜೂನ್‌ನಲ್ಲಿ ಉದುರಿದವು.

ಅಷ್ಟರಲ್ಲಿ ಮಿಯಾ ಇದ್ದ ಮನೆಯಲ್ಲಿ ಒಬ್ಬರಿಗೆ ಮಾತ್ರ, ಹೇಳಿದ ಹೊತ್ತಿಗೆ, ಭೇಟಿಗೆ ಬಿಡತೊಡಗಿದ್ದರು. ಜುಲೈ ಕೊನೆಯ ಒಂದು ಮಧ್ಯಾಹ್ನ ಹ್ಯೂಬ್ ನೇರ ಅಲ್ಲಿಂದಲೇ ನಮ್ಮ ಗೇಟಿಗೆ ಬಂದರು. ದೂರ ನಿಲ್ಲುವ ನಿಯಮವಿತ್ತಲ್ಲ, ಅವರು ಗೇಟಿನಾಚೆ, ನಾವು ಮೆಟ್ಟಿಲ ಮೇಲೆ. ಹೇಳುತ್ತಾ ಮೊದಲು ನಕ್ಕರು. ಸವಿತಾ ಒಂದೊಂದೇ ಮಾತು ತಿರುಗಿಸಿ ನನಗೆ ಹೇಳಿದಳು.

"ಪ್ಯಾಟ್ಯಾಗಿಂದ ಒಂದು ಹಳದಿ ಸೇಬು ಒಯ್ದಿದ್ರಂತ. ಹೋಳು ಮಾಡಿ, ನಿಮ್ಮಪ್ಪನ ಮರದ್ದು ಅಂತ ಸುಳ್ಳು ಹೇಳಿ ಬಾಯಾಗ ಇಟ್ರಂತ."

"ತಿಂದ್ರೇನು?"

"ಒಮ್ಮೆ ಅಗದು ಉಗುಳಿದ್ರಂತ. 'ಇದು ನಮ್ಮದಲ್ಲ' ಅಂದ್ರಂತ." ಸವಿತಾ ನನ್ನ ಕಡೆ ತಿರುಗಿದಳು. "ನಾಕು ತಿಂಗಳಿಂದ ಅವರು ಒಂದ ಮಾತೂ ಆಡಿರಲಿಲ್ಲಂತವ್ವ. ಇದ ಮೊದಲನೇದು."

ಹ್ಯೂಬ್ ಆಗ ನಗುತ್ತಿರಲಿಲ್ಲ. ಮಿಯಾಳ ನಾಲಿಗೆಗೆ ನೆನಪಿತ್ತು. ಅವರು ಊಹಿಸಿದ್ದು ಸರಿಯಾಗಿತ್ತು. ಒಂದು ಹಣ್ಣು ಸಾಕಿತ್ತು, ಅದನ್ನು ಮಾರ್ಚ್‌ನಲ್ಲಿ ನಾನು ಕತ್ತರಿಸಿ ಕುರಿಗಳ ಮುಂದೆ ಚೆಲ್ಲಿದ್ದೆ.

"ತಪ್ಪು ನಂದು ಅಂತ ಹೇಳವ್ವ ಅವರಿಗೆ," ಎಂದೆ.

ನಮ್ಮ ಕಡೆಯವರಾದರೆ "ಇರಲಿ ಬಿಡ್ರಿ, ದೇವರ ಇಚ್ಛಾ" ಎನ್ನುತ್ತಿದ್ದರು. ಹ್ಯೂಬ್ ನನ್ನನ್ನೇ ನೋಡಿ, "ಹೌದು. ನಾನು ನಾಲ್ಕರಲ್ಲೊಂದು ಪಾಲು ಎಂದಿದ್ದೆ," ಎಂದರು. ಆಮೇಲೆ ಕೋಲು ಎತ್ತಿಕೊಂಡು, ನಾಳೆ ಕಾಫಿಗೆ ಬರುತ್ತೇನೆ ಎಂದರು. ಬಂದರು ಕೂಡ. ಆ ಹೌದು ಎಂಬ ಮಾತಿಗೆ ನಾನು ಇಂದಿಗೂ ಅವರಿಗೆ ಋಣಿ. ಇರಲಿ ಬಿಡಿ ಎಂದಿದ್ದರೆ ಅವರ ಮುಖ ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಆಗಸ್ಟ್‌ನಲ್ಲಿ ವಿಶೇಷ ವಿಮಾನದಲ್ಲಿ ಊರಿಗೆ ಬಂದೆ. ನವೆಂಬರ್‌ನಲ್ಲಿ ಮಿಯಾ ತೀರಿಕೊಂಡ ಸುದ್ದಿ ಸವಿತಾ ಫೋನಿನಲ್ಲಿ ಹೇಳಿದಳು. ಅದು ನಮ್ಮಲ್ಲಿ ಅಕ್ಟೋಬರ್ ಚಾಟ್ನಿ ಮುಗಿದು ಚಿಗುರು ಗೊನೆ ತೋರಿಸುವ ಹೊತ್ತು. ಸುತ್ತ ಎಲ್ಲ ತೋಟಗಳೂ ನನ್ನ ಲೆಕ್ಕಕ್ಕೆ ಸರಿಯಾಗಿಯೇ ನಡೆಯುತ್ತಿದ್ದವು. ನಾನು ಯಾವ ತೋಟಕ್ಕೂ ಹೋಗಲಿಲ್ಲ.

2022ರ ಫೆಬ್ರವರಿಯಲ್ಲಿ ಮತ್ತೆ ಹೋದೆ. ಗೌರಿ ಎರಡು ವರ್ಷದವಳು. ಬಾಗಿಲಲ್ಲಿ "ಅಜ್ಜೀ" ಎಂದು ಕೂಗಿ ಓಡಿ ಬಂದು ಮಂಡಿಗೆ ಹಾಯ್ದಳು! ಆ ಒಂದು ಕೂಗಿಗೆ ಇನ್ನೆರಡು ಸಲ ಸಮುದ್ರ ದಾಟಬಹುದು. ಮರುದಿನ ಅವಳ ಕೈ ಹಿಡಿದುಕೊಂಡು ತೋಟಕ್ಕೆ ಹೋದೆ. ಹ್ಯೂಬ್ ಇನ್ನಷ್ಟು ಬಾಗಿದ್ದರು. ಮರ ಕೋಲು ಚಿಗುರುಗಳ ಪೊದೆಯಾಗಿತ್ತು. ಎರಡು ವರ್ಷ ಅದನ್ನು ಯಾರೂ ಮುಟ್ಟಿರಲಿಲ್ಲ. ಈ ಸಲ ನಾನೇ ಕೇಳಿದೆ, ಮಿಯಾ ಹೇಗೆ ಮಾಡುತ್ತಿದ್ದಳು, ನೀವು ಕೆಳಗಿನಿಂದ ಏನು ನೋಡಿದಿರಿ ಎಂದು. ಐವತ್ತು ವರ್ಷ ಏಣಿ ಹಿಡಿದವರಿಗೆ ಬಹಳ ಗೊತ್ತಿತ್ತು. ಅವರು ಕೋಲಿನಿಂದ ತೋರಿಸಿದ ಚಿಗುರನ್ನಷ್ಟೇ ತೆಗೆದೆ. ಹತ್ತನ್ನು ಉಳಿಸಿ, ದಾರ ಕಟ್ಟಿ ಅಡ್ಡಕ್ಕೆ ಬಾಗಿಸಿದೆವು. ಬಾಗಿದ ಕೊಂಬೆ ಮುಂದಿನ ವರ್ಷಕ್ಕೆ ಹೂವಿನ ಕಣ್ಣು ಕಟ್ಟುತ್ತದೆ.

ಆ ಜುಲೈನಲ್ಲಿ, ಅಷ್ಟರಲ್ಲಿ ಎರಡು ವರ್ಷ ಹಳತಾಗಿದ್ದ ಚಿಗುರುಗಳಲ್ಲಿ, ಹನ್ನೊಂದು ಹಣ್ಣು ಬಂದವು. ನಾನು ಊರಿಗೆ ಮರಳಿದ್ದೆ; ಸವಿತಾ ವಿಡಿಯೋ ಕಳಿಸಿದಳು. ಹ್ಯೂಬ್ ಮೊದಲ ಹಣ್ಣನ್ನು ಹೋಳು ಮಾಡಿ ಗೌರಿಗೆ ಕೊಡುತ್ತಾರೆ. ಅವಳು ಕಚ್ಚುತ್ತಾಳೆ, ರಸ ಗದ್ದಕ್ಕೆ ಇಳಿಯುತ್ತದೆ, ಇನ್ನೊಂದು ಎಂದು ಅವರದೇ ಭಾಷೆಯಲ್ಲಿ ಕೇಳುತ್ತಾಳೆ. ನನ್ನ ಕೂಸು, ನನ್ನ ಬಂಗಾರ, ಎಷ್ಟು ಸಲ ನೋಡಿದರೂ ತೃಪ್ತಿಯಿಲ್ಲ. ಆದರೆ ಕೂಸು ಅಗಿಯುವಾಗ ಆ ಮುದುಕ ಅವಳ ಬಾಯಿಯನ್ನೇ ನೋಡುತ್ತಾ ಬಗ್ಗಿರುತ್ತಾರೆ, ಏನೋ ಮಾತು ಬರುತ್ತದೆಂದು ಕಾಯುವವರ ಹಾಗೆ. ಆಮೇಲೆ ಚಾಕು ಮಡಚಿ ಮುಖ ಆಚೆ ತಿರುಗಿಸುತ್ತಾರೆ. ಅಲ್ಲಿಗೆ ವಿಡಿಯೋ ಮುಗಿಯುತ್ತದೆ.

ಈಗಲೂ ಚಾಟ್ನಿ ಕಲಿಯಲು ಹೆಣ್ಣುಮಕ್ಕಳು ನನ್ನ ಹತ್ತಿರ ಬರುತ್ತಾರೆ. ನಿನ್ನ ಜಡಿ ಅದೇನು ಎಂದು ಯಾರನ್ನೂ ಬೈಯುವುದಿಲ್ಲ. ಗಿಡ ಎಲ್ಲಿ ಹಣ್ಣು ಬಿಡುತ್ತದೆಂದು ನಿನಗೆ ಗೊತ್ತೇ, ಈ ಹಣ್ಣಿಗೆ ಯಾರು ಕಾಯುತ್ತಿದ್ದಾರೆಂದು ಕೇಳಿದೆಯಾ ಎನ್ನುತ್ತೇನೆ. ಎರಡಕ್ಕೂ ಉತ್ತರವಿಲ್ಲದಿದ್ದರೆ ಏಣಿಯಿಂದ ಇಳಿಸುತ್ತೇನೆ. ಮೂವತ್ತೊಂದು ವರ್ಷದ ಅನುಭವ ಇನ್ನೊಂದು ಮರದ ಕೆಳಗೆ ಒಂದು ದಿನದ್ದೂ ಅಲ್ಲ. ಇದನ್ನು ನಾನು ಕಲಿತದ್ದು ಸರಿ, ಮರವೂ ಉಳಿಯಿತು. ಅದರ ಬೆಲೆ ತೆತ್ತವಳು ಮಿಯಾ. ಅವಳನ್ನು ನಾನು ಒಮ್ಮೆಯೂ ನೋಡಲಿಲ್ಲ.