ಬರಿಗಣ್ಣಿಗೆ ಕಾಣುವ ಲೇಪ

ನನ್ನ ಕೈಬರಹ ಚೆನ್ನಾಗಿಲ್ಲ, ದಯವಿಟ್ಟು ಕ್ಷಮಿಸಿ. ಪಿಯುಸಿ ಮುಗಿಸದೆ ಕಾಲೇಜು ಬಿಟ್ಟವಳು ನಾನು, ದೊಡ್ಡ ಮಾತುಗಳೂ ಬರುವುದಿಲ್ಲ. ಪ್ರತಿ ವಾಕ್ಯವನ್ನೂ ಎರಡು ಸಲ ಬರೆದು ನೋಡಿದ್ದೇನೆ. ಆದರೂ ತಪ್ಪು ಉಳಿದಿದ್ದರೆ ಅದು ನನ್ನದು, ಪೂವಪ್ಪ ಮಾಮನದ್ದಲ್ಲ.

ಪೂವಪ್ಪ ಮಾಮ ವಾಮಂಜೂರಿನಲ್ಲಿ ನಮ್ಮ ಪಕ್ಕದ ಮನೆಯವರು. ಕೊಡಿಯಾಲ್‌ಬೈಲಿನ ಒಂದು ಕಸ್ಟಮ್ಸ್ ಏಜೆಂಟರ ಆಫೀಸಿನಲ್ಲಿ ಮೂವತ್ತೊಂದು ವರ್ಷದಿಂದ ಇದ್ದಾರೆ. ನನ್ನನ್ನು ಅಲ್ಲಿ ಟೈಪಿಂಗಿಗೆ ಸೇರಿಸಿದವರೂ ಅವರೇ. ಹೊರದೇಶದಿಂದ ಬರುವ ಪ್ರತಿ ವಸ್ತುವಿಗೂ ಸುಂಕದ ಪುಸ್ತಕದಲ್ಲಿ ಒಂದು ಜಾಗವಿದೆ. ಬಟ್ಟೆಗಳ ಜಾಗ ಹುಡುಕುವುದು ಮಾಮನ ಕೆಲಸ. ಬೆಟ್ಟ ಹತ್ತುವವರ ಜಾಕೆಟ್, ಸೈಕಲ್ ಓಡಿಸುವವರ ಅಂಗಿ, ಹಿಮದಲ್ಲಿ ಜಾರುವವರ ಪ್ಯಾಂಟು. ಕುಣಿಕೆ ಹಾಕಿ ಹೆಣೆದದ್ದಾದರೆ ಅರವತ್ತೊಂದನೆಯ ಅಧ್ಯಾಯ, ಮಗ್ಗದಲ್ಲಿ ನೇಯ್ದದ್ದಾದರೆ ಅರವತ್ತೆರಡು. ಎದುರಿನ ಎಡಭಾಗ ಬಲಭಾಗದ ಮೇಲೆ ಬಂದು ಮುಚ್ಚಿದರೆ ಗಂಡಸರ ಉಡುಪು.

ಮಾಮ ಹಿಮ ನೋಡಿದವರಲ್ಲ. ಫ್ಯಾನಿನ ಕೆಳಗೆ ಬೆವರುತ್ತ, ಕಣ್ಣು ಮುಚ್ಚಿ, ತೋಳಿನ ಬಟ್ಟೆಯನ್ನು ಎರಡು ಬೆರಳ ನಡುವೆ ಉಜ್ಜುತ್ತಾರೆ.

"ಇದು ಗಾಳಿ ಜೋರು ಇರುವ ಕಡೆಗೆ ಹೋಗುವ ಅಂಗಿ ಮಗಾ," ಎನ್ನುತ್ತಾರೆ.

ಆಗ ಕೆಳಗಿನ ರಸ್ತೆಯ ಹಾರ್ನುಗಳೆಲ್ಲ ದೂರ ಸರಿದ ಹಾಗಾಗುತ್ತದೆ. ಕಡತಗಳ ಕಪಾಟಿನ ಹಿಂದೆ ಒಂದು ಬಿಳಿಯ ಬೆಟ್ಟ ಮೆಲ್ಲನೆ ಬಂದು ನಿಂತಿದೆ ಎಂದು ನನಗೆ ಅನಿಸುತ್ತದೆ. ತಿರುಗಿ ನೋಡಿದರೆ ಹೋಗಿಬಿಡುತ್ತದೋ ಎಂದು ನಾನು ತಿರುಗುವುದಿಲ್ಲ.

ಮೊನ್ನೆ ಸೋಮವಾರ, ಫಳ್ನೀರಿನಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಶುಕೂರ್ ಸಾಹೇಬರು ನೀಲಿ ಜಾಕೆಟೊಂದನ್ನು ತಂದರು. ಅವರು ತರಿಸಿದ ಅಂಥದ್ದೇ ಜಾಕೆಟುಗಳ ಪೆಟ್ಟಿಗೆಗಳು ಬಂದರಿನಲ್ಲಿ ಕಾಯುತ್ತಿದ್ದವು. ನೇಯ್ದ ಬಟ್ಟೆ, ಒಳಮೈಗೆ ಮಳೆ ತಡೆಯುವ ಪ್ಲಾಸ್ಟಿಕ್ಕಿನ ಲೇಪವಿದೆ ಎಂದು ತಯಾರಿಸಿದವರು ಬರೆದಿದ್ದರು. ಆ ಲೇಪ ಬರಿಗಣ್ಣಿಗೆ ಕಂಡರೆ ಪುಸ್ತಕದಲ್ಲಿ ಒಂದು ಜಾಗ, ಕಾಣದಿದ್ದರೆ ಇನ್ನೊಂದು. ಭೂತಗನ್ನಡಿ ಹಿಡಿಯುವ ಹಾಗಿಲ್ಲ. ಬರೇ ಬಣ್ಣ ಬದಲಾಗಿ ಕಂಡರೆ ಅದೂ ಸಾಲದು.

ಮಾಮ ಒಳಗಿನ ಅಂಚಿನಿಂದ ಒಂದು ತುಂಡು ಕತ್ತರಿಸಿ ಕಿಟಕಿಯ ಬೆಳಕಿಗೆ ಹಿಡಿದರು. ಯಾವಾಗಲೂ ಒಂದು ನಿಮಿಷದ ಕೆಲಸ. ಅಂದು ನಿಂತೇ ಇದ್ದರು.

"ಪೂವಪ್ಪಣ್ಣ, ಹೆಣ್ಣು ನೋಡ್ಲಿಕ್ಕೆ ಹೋದವರೂ ಇಷ್ಟು ಹೊತ್ತು ನೋಡುದಿಲ್ಲ ಮಾರಾಯ್ರೆ," ಎಂದರು ಶುಕೂರ್ ಸಾಹೇಬರು.

"ಕಾಣುದಿಲ್ಲ," ಎಂದರು ಮಾಮ. "ಕಾಣುವ ಲೇಪ ಇಲ್ಲ ಅಂತ ಬರಿ ಮಗಾ."

ಟೈಪ್ ಮಾಡಿದೆ. ಕಳಿಸುವ ಮೊದಲು, ಯಾಕೋ, ಆ ತುಂಡನ್ನು ನಾನೂ ಬೆಳಕಿಗೆ ಹಿಡಿದೆ. ಕತ್ತರಿಸಿದ ಅಂಚಿನಲ್ಲಿ ಎಳೆಗಳಿಗೆ ಅಂಟಿಕೊಂಡು, ಆರಿದ ಹಾಲಿನ ಕೆನೆಯಂಥ ಬೇರೆಯೇ ಒಂದು ಪದರ ಕಾಣಿಸಿತು. ಸ್ಪಷ್ಟವಾಗಿ ಕಾಣಿಸಿತು.

ಕೆಲವು ತಿಂಗಳಿಂದ ಬಸ್ಸಿನ ಬೋರ್ಡುಗಳನ್ನು ಮಾಮ ನನ್ನಿಂದಲೇ ಓದಿಸುತ್ತಿದ್ದರು. ಯಾಕೆಂದು ಆಗ ಗೊತ್ತಾಯಿತು.

ಸುಮ್ಮನಿದ್ದರೆ ತಪ್ಪು ಕಾಗದ ಹೋಗುತ್ತದೆ, ಮಾಮನ ಮೂವತ್ತೊಂದು ವರ್ಷದ ಹೆಸರು ಕೆಡುತ್ತದೆ. ಹೇಳಿದರೆ ಅವರ ಕಣ್ಣಿನ ವಿಷಯ ಎಲ್ಲರಿಗೂ ತಿಳಿದು ಕುರ್ಚಿಯೇ ಹೋಗಬಹುದು. ಆಫೀಸಿನ ಯಜಮಾನರಾದ ಕ್ಯಾಲ್ವಿನ್ ಸರ್ ಬಾಗಿಲಲ್ಲೇ ನಿಂತಿದ್ದರು. ನಾಲ್ಕು ಜನರ ಮುಂದೆ ಮಾತಾಡಲಿಕ್ಕೆ ಹೆದರಿಯೇ ನಾನು ಕಾಲೇಜು ಬಿಟ್ಟದ್ದು. ಎದ್ದು ಹೋಗಿ ಮಾಮನ ಕಿವಿಯ ಹತ್ತಿರ ಹೇಳಿದೆ.

"ಮಾಮ, ನನಗೆ ಕಾಣ್ತದೆ."

ಅವರು ತುಂಡನ್ನು ತೆಗೆದುಕೊಂಡು ಅಂಚಿಗೆ ಉಗುರು ಹಾಕಿದರು. ಪದರ ಸ್ವಲ್ಪ ಎದ್ದಿತು. ಬೆರಳಿಗೆ ಸಿಕ್ಕಿತು. ಕಣ್ಣಿಗೆ ಮಾತ್ರ ಸಿಗಲಿಲ್ಲ. ನನ್ನ ಮುಖ ನೋಡಿದರು; ಅದು ಅವರಿಗೆ ಸರಿಯಾಗಿ ಕಂಡಿತೋ ಇಲ್ಲವೋ ಗೊತ್ತಿಲ್ಲ.

"ಕ್ಯಾಲ್ವಿನ್ ಸರ್," ಎಂದು ಜೋರಾಗಿಯೇ ಕರೆದರು. "ನಾನು ಹೇಳಿದ್ದು ತಪ್ಪು. ಲೇಪ ಉಂಟು. ನನಗೆ ಕಾಣುದಿಲ್ಲ, ಈ ಹುಡುಗಿಗೆ ಕಾಣ್ತದೆ. ಬರಿಗಣ್ಣು ಅಂತ ಪುಸ್ತಕದಲ್ಲಿ ಉಂಟು, ಯಾರ ಕಣ್ಣು ಅಂತ ಇಲ್ಲ."

ಕ್ಯಾಲ್ವಿನ್ ಸರ್ ತುಂಡನ್ನು ತಾವೂ ನೋಡಿದರು. "ಸರಿ ಉಂಟು. ಎಂತ ಪೂವಪ್ಪಣ್ಣ, ಮೂವತ್ತೊಂದು ವರ್ಷದ ಕಣ್ಣನ್ನು ಈ ಮಗುವಿಗೆ ಚಾರ್ಜ್ ಕೊಟ್ರಾ?"

"ಕೊಡ್ಲಿಕ್ಕೆ ಉಳಿದದ್ದು ಎಂತ ಉಂಟು?"

ಯಾರೂ ನಗಲಿಲ್ಲ. ಸರ್ ದನಿ ತಗ್ಗಿಸಿದರು. "ಬೆರಳು ನಿಮ್ಮದೇ ಇರ್ಲಿ. ಕಣ್ಣು ತೋರಿಸದೆ ಮಾತ್ರ ಇನ್ನು ಇಲ್ಲಿಗೆ ಬರ್ಬೇಡಿ."

"ಒಬ್ಬರೇ ಹೋಗುದಿಲ್ಲ ಇವರು, ನನಗೆ ಗೊತ್ತುಂಟು," ಎಂದರು ಶುಕೂರ್ ಸಾಹೇಬರು. ತಮ್ಮ ಅಂಗಡಿಯ ಹತ್ತಿರದ ಕಣ್ಣಿನ ಡಾಕ್ಟರಿಗೆ ಅಲ್ಲಿಂದಲೇ ಫೋನು ಮಾಡಿದರು. ಡಾಕ್ಟರು ಗುರುವಾರ ಬರಲಿಕ್ಕೆ ಹೇಳಿದರು.

ನಾನು ಕಾಗದವನ್ನು ತಿದ್ದಿ ಕಳಿಸಿದೆ. ಮಾಮ ಆ ಜಾಕೆಟನ್ನು ಮಡಿಲಲ್ಲಿ ಇಟ್ಟುಕೊಂಡು, ಎಲ್ಲೋ ತಂಪಾದ ಜಾಗದಲ್ಲಿ ಇರುವವರ ಹಾಗೆ, ಸಂಜೆಯ ತನಕ ಕೂತಿದ್ದರು.

ನಾಳೆ ಗುರುವಾರ. ಬೆಳಿಗ್ಗೆ ಎಂಟು ಗಂಟೆಯ ಬಸ್ಸಿನಲ್ಲಿ ನಾನು ಅವರನ್ನು ಫಳ್ನೀರಿಗೆ ಕರೆದುಕೊಂಡು ಹೋಗುತ್ತೇನೆ.