ಹೊಸ ಗಾಜಿನ ಪಥ್ಯ

ಕಾರಿನ ಬಾಗಿಲನ್ನು ಮೆತ್ತಗೆ ಹಾಕುವುದು ನಮ್ಮ ಕಡೆಯವರಿಗೆ ಬರುವುದಿಲ್ಲ. ಇದಕ್ಕೆ ನಾನು ಬಹಳ ಯೋಚಿಸಿ ಒಂದು ಕಾರಣ ಹುಡುಕಿದ್ದೇನೆ. ಗೋಕಾಕದ ನಮ್ಮ ಓಣಿಯಲ್ಲಿ ಮನೆಯ ಬಾಗಿಲು ಬೆಳಗ್ಗೆ ತೆರೆದರೆ ಮತ್ತೆ ಹಾಕುವುದು ಮಲಗುವ ಹೊತ್ತಿಗೇ. ದಿನವಿಡೀ ತೆರೆದ ಬಾಗಿಲಲ್ಲಿ ಬಾಳುವ ಜನ ಅದನ್ನು ಹಾಕುವ ನಾಜೂಕು ಎಲ್ಲಿ ಕಲಿತಾರು? ಕಾರಿನಲ್ಲಿ ಕೂತರೆ ಎಳೆದು ಬಡಿಯುತ್ತಾರೆ. ಸದ್ದಾಗದಿದ್ದರೆ ಬಾಗಿಲು ಬಿತ್ತೆಂಬ ನಂಬಿಕೆಯೇ ಅವರಿಗಿಲ್ಲ.

ನನ್ನದು ನಾಲ್ಕು ಕೈ ದಾಟಿ ಬಂದ ಹಳೆಯ ಕಾರು. ವಕೀಲನ ಬಳಿ ಕಾರಿದ್ದರೆ ಕಕ್ಷಿಗಾರರು ನಂಬುತ್ತಾರೆಂದು ಕೊಂಡಿದ್ದೆ. ಒಮ್ಮೆ ಮಸಗುಪ್ಪಿಯಲ್ಲಿ ತಂಟೆಯ ಹೊಲವೊಂದನ್ನು ನೋಡಿ ಮೂಡಲಗಿಯ ರಸ್ತೆಯಲ್ಲಿ ಬರುವಾಗ, ಮುಂದಿನ ಲಾರಿಯ ಗಾಲಿಯಿಂದ ಸಿಡಿದ ಖಡಿಕಲ್ಲು ಬಡಿದು ಮುಂದಿನ ಗಾಜು ಒಡೆಯಿತು. ಅದೇ ವಾರ ಮಗಳು ಕಮಲಾಳನ್ನು ಕಣಗಲಾದ ಗಂಡನ ಮನೆಗೆ ಮೊದಲ ಸಲ ಕಳಿಸುವುದಿತ್ತು. ಬೆಳಗಾವಿಯಿಂದ ಗಾಜು ತರಿಸಿ ಕೂಡಿಸುವ ಹೊತ್ತಿಗೆ ಹೊರಡುವ ಹಿಂದಿನ ಸಂಜೆಯಾಗಿತ್ತು.

ಗಾಜು ಕೂಡಿಸಿದ ಮಿಸ್ತ್ರಿ ಪಥ್ಯ ಹೇಳಿದ. “ರಬ್ಬರಿಗೆ ಹಚ್ಚಿದ ಅಂಟು ಇನ್ನ ಹಸಿ ಐತ್ರಿ ಸಾಹೇಬ್ರ. ಬಾಗಿಲಾ ಬಡೀಬ್ಯಾಡ್ರಿ, ಒಳಗಿನ ಗಾಳಿ ಒತ್ತಿದ್ರ ಗ್ಲಾಸ ಸರೀತೈತಿ. ಒಂದ ಕಿಡಕಿ ಚೂರ ತೆರದ ಇಡ್ರಿ. ನೀರ ಹಾಕಿ ತೊಳೀಬ್ಯಾಡ್ರಿ.”

ಬಾಣಂತಿಗೆ ಗಾಳಿ ಸೋಕಬಾರದು, ನೀರು ಎರೆಯಬೇಕು; ಇದಕ್ಕೆ ಗಾಳಿ ಬೇಕು, ನೀರು ಬೇಡ. ಉಳಿದ ಆರೈಕೆಯೆಲ್ಲ ಒಂದೇ ಎಂದುಕೊಂಡೆ. ಮನೆಗೆ ಬಂದು ಎಲ್ಲರಿಗೂ ಎಚ್ಚರಿಕೆ ಕೊಟ್ಟೆ. ನನ್ನ ಹೆಂಡತಿ ಹಪ್ಪಳ ಕಟ್ಟುತ್ತಿದ್ದವಳು ತಲೆಯೆತ್ತಿ, “ಗ್ಲಾಸಿನ ಸಲುವಾಗಿ ಇಷ್ಟ ಹೇಳಾಕತ್ತೀರಿ, ಮಗಳಿಗೂ ಎರಡ ಮಾತ ಹೇಳ್ರಿ” ಎಂದಳು.

“ನಾಳೆ ಹೇಳತೇನಿ ತಗೋ” ಎಂದೆ. ಮಾತು ಸಿದ್ಧವಾಗಿಯೇ ಇತ್ತು. ಅಲ್ಲಿ ಮನಸ್ಸಿಗೆ ಹತ್ತದಿದ್ದರೆ ನುಂಗಿಕೊಂಡು ಕೂಡಬೇಡ, ಹೇಳಿ ಕಳಿಸು, ನಾನು ಬರುತ್ತೇನೆ, ಇಷ್ಟೇ. ಕೋರ್ಟಿನಲ್ಲಿ ಕಂಡವರ ಬದುವಿಗಾಗಿ ಮಧ್ಯಾಹ್ನದವರೆಗೂ ಮಾತಾಡುವ ನನಗೆ ಇಷ್ಟು ಹೇಳುವುದೇನು ಕಷ್ಟ?

ಮರುದಿನ ಕಮಲಾ ಉಡಿ ತುಂಬಿಸಿಕೊಂಡು ಹಿಂದಿನ ಸೀಟಿನಲ್ಲಿ ಕೂತಳು. ಕಳಿಸಲು ತಂದೆ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಅವಳ ಸೋದರಮಾವ ಕಾರು ನಡೆಸುವವನಿದ್ದ. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಬಾಗಿಲು ತೆರೆದು, ಅವಳ ಕಿವಿಯಲ್ಲಿ ಏನೋ ಹೇಳಿ, ಪಕ್ಕದಲ್ಲೊಂದು ಗಂಟು ತುರುಕಿ, ಸೆರಗಿನಿಂದ ಕಣ್ಣೊರೆಸಿಕೊಂಡು ಬಾಗಿಲು ಬಡಿಯತೊಡಗಿದರು. ದುಃಖ ಹೆಚ್ಚಾದವರು ಹೆಚ್ಚು ಜೋರಾಗಿ ಬಡಿದರು. ನಾನು ಹಿಡಿಕೆ ಹಿಡಿದುಕೊಂಡು, “ಸಾವಕಾಶ ಹಾಕ್ರಿ ಯಕ್ಕಾ, ಗ್ಲಾಸ ಹಸಿ ಐತಿ” ಎನ್ನುತ್ತ ಕಾವಲು ನಿಂತೆ. ಹೆಂಗಸರು ಅಳು ಬಿಟ್ಟು ನನ್ನನ್ನೇ ನೋಡಿದರು.

ಗಾಡಿ ಶುರುವಾಯಿತು. ಕಮಲಾ ಕಿಟಕಿಯಿಂದ ನನ್ನ ಮುಖ ನೋಡಿದಳು, ಏನೋ ಕಾಯುವವಳಂತೆ. ಸಿದ್ಧವಿದ್ದ ಮಾತು ಹೇಳಲೆಂದು ಕಿಟಕಿಗೆ ಬಾಗಿದೆ. ಬಾಯಿಗೆ ಬಂದದ್ದು ಬೆಳಗಿನಿಂದ ರೂಢಿಯಾಗಿದ್ದ ಮಾತೇ. “ಇಳಿಯೂ ಮುಂದ ಬಾಗಿಲಾ ಸಾವಕಾಶ ಹಾಕವಾ” ಎಂದೆ.

“ಆತಪ್ಪಾ” ಎಂದಳು. ಕಾರು ಹುಕ್ಕೇರಿಯ ದಾರಿ ಹಿಡಿಯಿತು.

ಗಾಜಿಗೆ ಏನೂ ಆಗಲಿಲ್ಲ. ಅಷ್ಟು ಆರೈಕೆ ಮಾಡಿದರೆ ಯಾವುದಾದರೂ ಗಟ್ಟಿಯಾದೀತು. ಆಡದೆ ಉಳಿದ ಮಾತು ಮಾತ್ರ ಇಂದಿಗೂ ನನ್ನನ್ನು ಚುಚ್ಚುತ್ತದೆ.

ಪಂಚಮಿಗೆ ಅವಳು ಬಸ್ಸಿನಲ್ಲಿ ತವರಿಗೆ ಬಂದಳು. ಮೈ ಸ್ವಲ್ಪ ಇಳಿದಿತ್ತು. ಬಾಗಿಲಲ್ಲಿ ನಿಂತು ದಾರಿ ಕಾಯುತ್ತಿದ್ದ ನನ್ನ ಹತ್ತಿರ ಬರುವ ಮೊದಲು, ಅಂಗಳದಲ್ಲಿದ್ದ ಕಾರಿನ ಗಾಜನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಅವ್ವ ಹೇಗಿದ್ದಾಳೆ ಎಂದೂ ಕೇಳದೆ, “ಅಪ್ಪಾ, ಗ್ಲಾಸ ಗಟ್ಟಿ ಕುಂತೈತಲ್ಲ?” ಎಂದಳು.

“ಕುಂತೈತವಾ” ಎಂದೆ. ಅಷ್ಟು ತಿಂಗಳು ಆ ಮನೆಯಲ್ಲಿ ನನ್ನ ನೆನಪಾದಾಗಲೆಲ್ಲ ಅವಳು ಈ ಗಾಜಿನದೇ ಚಿಂತೆ ಮಾಡಿರಬೇಕು. ಅಪ್ಪನ ಜೀವ ಅದರಲ್ಲಿದೆ ಎಂದು ನಾನೇ ಅಲ್ಲವೇ ಹೇಳಿ ಕಳಿಸಿದ್ದು.