ನೂರರೊಳಗೆ ಇಲ್ಲದವಳು

ಊರಿನ ಐದು ಸರ್ಕಾರಿ ಹೈಸ್ಕೂಲುಗಳೂ ಟೈಲರಕ್ಕನ ಮುಂದಿನ ಕೋಣೆಯಲ್ಲಿ ಒಂದೇ ಹಗ್ಗಕ್ಕೆ ನೇತುಬಿದ್ದಿರುತ್ತವೆ. ಬೂದು ಲಂಗ ಕಾಲುವೆಯ ಆಚೆ ಶಾಲೆಯದು, ಕಡುನೀಲಿ ಬಸ್ ನಿಲ್ದಾಣದ ಹಿಂದಿನದು, ಕಂದು ಪ್ಯಾಂಟು ಹುಡುಗರ ಶಾಲೆಯದು. ಎಲ್ಲದಕ್ಕೂ ಅದೇ ದಾರ, ಅದೇ ಹೊಲಿಗೆ. ಆದರೆ ಹತ್ತನೇ ತರಗತಿಯ ಫಲಿತಾಂಶದ ಮರುದಿನ ಪತ್ರಿಕೆಯವರು ಅವನ್ನು ಮೇಲಿನಿಂದ ಕೆಳಕ್ಕೆ ಸಾಲಾಗಿ ನಿಲ್ಲಿಸುತ್ತಾರೆ: ಇದಕ್ಕಿಷ್ಟು ಶೇಕಡಾ, ಅದಕ್ಕಷ್ಟು. ಅಂದು ಟೈಲರಕ್ಕನ ಕಣ್ಣು ಮೊದಲು ಹುಡುಕುವುದು ಹಸಿರು ಲಂಗದ ಹೆಣ್ಣುಮಕ್ಕಳ ಶಾಲೆಯನ್ನು. ಅದು ಅವಳು ಓದಿದ ಶಾಲೆ. ಓದಿದ್ದು ಎನ್ನುವುದಕ್ಕಿಂತ, ಓದುತ್ತಾ ಓದುತ್ತಾ ಹೊಸ್ತಿಲವರೆಗೆ ಬಂದು ನಿಂತದ್ದು.

ಅವಳು ಹತ್ತನೇ ತರಗತಿಯಲ್ಲಿದ್ದ ವರ್ಷ ಆ ಶಾಲೆಗೆ ನೂರಕ್ಕೆ ನೂರು ಬಂದಿತ್ತು. ಪರೀಕ್ಷೆಗೆ ಮುಂಚೆ ಆಗಿನ ಹೆಡ್‌ಮಾಸ್ತರರು ಅಪ್ಪನನ್ನು ಕರೆಸಿ, "ಹುಡುಗಿ ಲೆಕ್ಕದಲ್ಲಿ ಸ್ವಲ್ಪ ಹಿಂದೆ. ಈ ವರ್ಷ ಮನೇಲಿರಲಿ, ಮುಂದಿನ ವರ್ಷ ಕೂರಿಸೋಣ" ಎಂದಿದ್ದರು. ಅಪ್ಪ ತಲೆಯಾಡಿಸಿ ಬಂದ. ಮುಂದಿನ ವರ್ಷ ಅಮ್ಮ ಸೊಂಟ ಹಿಡಿದುಕೊಂಡು ಮಲಗಿದಳು. ಅದರ ಮುಂದಿನ ವರ್ಷ ತಮ್ಮನ ಪರೀಕ್ಷೆ. ಓದುವ ಹುಡುಗನಿಗೆ ಹೊತ್ತುಹೊತ್ತಿಗೆ ಬಿಸಿ ಊಟ ಬೇಕಿತ್ತು. ಅವನು ಮೂರು ಸಲ ಡುಮ್ಕಿ ಹೊಡೆದು ನಾಲ್ಕನೇ ಸಲ ದಡ ಹತ್ತಿದ. ಅಷ್ಟೂ ಸಲ ಅವನ ಟೀ ಲೋಟ ತೊಳೆದವಳು ಇವಳು. ಮದುವೆಯೂ ಹೀಗೇ ಮುಂದಿನ ವರ್ಷ, ಮುಂದಿನ ವರ್ಷ ಎನ್ನುತ್ತಾ ಜಾರಿಹೋಯಿತು. ಯಾವತ್ತೂ ಮುಂದಿನ ವರ್ಷಕ್ಕೆ ಹೋಗದೆ ಉಳಿದದ್ದು ಮನೆಗೆಲಸವೊಂದೇ.

ತನ್ನನ್ನು ಕೂರಿಸದ ಆ ಮೊದಲ ವರ್ಷದ ಪರೀಕ್ಷೆ ಮುಗಿದ ಮೇಲೆ ಲೈಬ್ರರಿ ಪುಸ್ತಕ ಕೊಡುವ ನೆಪದಲ್ಲಿ ಅವಳು ಶಾಲೆಗೆ ಹೋಗಿದ್ದಳು. ಬೆಂಚುಗಳ ಮೇಲೆ ಸೀಮೆಸುಣ್ಣದಲ್ಲಿ ಬರೆದ ನಂಬರುಗಳನ್ನು ಇನ್ನೂ ಅಳಿಸಿರಲಿಲ್ಲ. ಒಂದೊಂದರ ಮೇಲೂ ಬೆರಳಿಟ್ಟು ಓದುತ್ತಾ ಹೋದಳು. ಒಂದಾದ ಮೇಲೊಂದು, ನಡುವೆ ಒಂದೂ ತಪ್ಪಿರಲಿಲ್ಲ. ತಾನು ಇಲ್ಲದ್ದು ಎಲ್ಲೂ ಕಾಣಿಸಲಿಲ್ಲ.

ಈಗ ಅದೇ ಶಾಲೆಯ ಹತ್ತನೇ ತರಗತಿಯಲ್ಲಿ ತಮ್ಮನ ಮಗಳು ಪುಟ್ಟಿ ಇದ್ದಳು. ತಾಯಿಯಿಲ್ಲದ ಹುಡುಗಿ. ಬೆಳಗಿನ ಅಡುಗೆ, ಪಾತ್ರೆ, ಅಪ್ಪನ ಡಬ್ಬಿ ಎಲ್ಲ ಮುಗಿಸಿ ಓಡುವಷ್ಟರಲ್ಲಿ ಶಾಲೆಯಲ್ಲಿ ಮೊದಲನೇ ಪೀರಿಯಡ್ ಮುಗಿದಿರುತ್ತಿತ್ತು. ಮೊದಲನೇ ಪೀರಿಯಡ್ ಲೆಕ್ಕದ್ದು. ಟೈಲರಕ್ಕನಿಗೆ ಇದು ಗೊತ್ತಿರಲಿಲ್ಲವೆಂದೇನಲ್ಲ. ಮಷೀನಿನ ಸದ್ದಿನಲ್ಲಿ ಕೇಳಿಸದ ಹಾಗೆ ಇದ್ದಳು.

ಒಂದು ಸಂಜೆ ಹೆಡ್‌ಮಿಸ್ ಕೋಟಿನ ತೋಳು ಸಡಿಲ ಮಾಡಿಸಲು ಬಂದರು. ಅಳತೆಗೆ ಕೈ ಎತ್ತಿಕೊಂಡೇ ಮಾತು ತೆಗೆದರು.

"ಪುಟ್ಟಿ ವಿಷಯ. ಹಾಜರಿ ಕಮ್ಮಿ. ಲೆಕ್ಕ ಅಂತೂ ಆ ದೇವರಿಗೇ ಪ್ರೀತಿ. ಈ ವರ್ಷ ಬೇಡ ಅಂತ ಅವಳಪ್ಪ ಒಂದು ಸಾಲು ಬರೆದುಕೊಟ್ರೆ..."

"ಮುಂದಿನ ವರ್ಷ ಕೂರಿಸ್ತೀರಾ, ಮಿಸ್?"

"ಹೂಂ ಮತ್ತೆ! ನಂಗೇನು ಇದು ಇಷ್ಟಾನಾ? ಮೀಟಿಂಗಲ್ಲಿ ಐದೂ ಶಾಲೆಯವರನ್ನ ಪಕ್ಕಪಕ್ಕ ಕೂರಿಸಿ ಶೇಕಡಾ ಓದ್ತಾರಮ್ಮ. ಕೆಳಗಿರೋರಿಗೆ ಟೀ ಕೂಡ ಗಂಟಲಲ್ಲಿ ಇಳಿಯಲ್ಲ."

ಒಳಗಿನಿಂದ ತಮ್ಮ, "ಮೇಡಂ ಹೇಳೋದು ಸರಿ ಕಣಕ್ಕ. ಫೇಲಾಗಿ ಮಾನ ಕಳೆಯೋ ಬದಲು ಮನೇಲಿದ್ದು ನಾಲ್ಕು ಕೆಲಸ ಕಲೀಲಿ" ಎಂದ.

"ಅವಳಿಗೆ ಕಲಿಯೋಕೆ ಇನ್ಯಾವ ಕೆಲಸ ಬಾಕಿ ಇದೆಯೋ? ನೀನು ಮೂರು ಸಲ ಫೇಲಾದಾಗ ಹುಡುಗರ ಶಾಲೆ ಗೋಡೆ ಬಿತ್ತಾ? ಕೂತೆ ತಾನೇ?"

ಹೆಡ್‌ಮಿಸ್ ನಗು ನುಂಗಿಕೊಂಡು ಕಿಟಕಿಯತ್ತ ತಿರುಗಿದರು.

"ಮಿಸ್, ಪುಟ್ಟಿ ಕೂರ್ತಾಳೆ. ಫೇಲಾದ್ರೆ ಫೇಲಾದೋಳು ಅನ್ನಿಸ್ಕೊಳ್ಳಲಿ. ಇಲ್ಲದೋಳು ಆಗೋದು ಬೇಡ."

ತಮ್ಮನ ಕೈಗೆ ಪೆನ್ನು ಸಿಗಲಿಲ್ಲ, ಸೌಟು ಸಿಕ್ಕಿತು. ಆ ವಾರವಿಡೀ ಮೂವರೂ ಸೀದದ್ದನ್ನೇ ತಿಂದರು. "ಉಪ್ಪೆಲ್ಲಿಟ್ಟಿದ್ದೀರಿ?" ಎಂದು ಅವನು ದಿನವೂ ಕೂಗುವುದು, "ನಿನ್ನೆ ಇದ್ದಲ್ಲೇ ಇದೆ" ಎಂದು ಇವಳು ಮಷೀನಿನ ಮುಂದಿನಿಂದಲೇ ಹೇಳುವುದು. ಪುಟ್ಟಿ ಮೊದಲನೇ ಪೀರಿಯಡ್‌ಗೆ ಬೆಂಚಿನ ಮೇಲಿರುತ್ತಿದ್ದಳು. ಆದರೆ ವರ್ಷವೆಲ್ಲ ತಪ್ಪಿದ್ದು ಕೆಲವೇ ವಾರಗಳಲ್ಲಿ ಕೈಗೆ ಬರುತ್ತದೆಯೇ?

ಲೆಕ್ಕದ ಪರೀಕ್ಷೆ ಬರೆದು ಬಂದ ಹುಡುಗಿಯ ಮುಖ ಬಾಡಿತ್ತು. ಹೇಗಿತ್ತೆಂದು ಟೈಲರಕ್ಕ ಕೇಳಲಿಲ್ಲ.

"ನಂಬರ್ ಎಲ್ಲಿ ಬರೆದಿದ್ರು?"

"ಬೆಂಚಿನ ಮೇಲೆ ಅತ್ತೆ, ಸೀಮೆಸುಣ್ಣದಲ್ಲಿ. ಯಾಕೆ?"

"ಸುಮ್ನೆ. ಕಿಟಕಿ ಪಕ್ಕಾನಾ?"

"ಹೂಂ. ಬಿಸಿಲು ಬೀಳ್ತಿತ್ತು."

ಟೈಲರಕ್ಕ ಆ ಬಿಸಿಲಿನ ಬಗ್ಗೆ ಬಹಳ ಹೊತ್ತು ಯೋಚಿಸಿದಳು.

ಪುಟ್ಟಿ ಲೆಕ್ಕದಲ್ಲಿ ಫೇಲಾದಳು. ಹಸಿರು ಲಂಗದ ಶಾಲೆಗೆ ಶೇಕಡಾ ತೊಂಬತ್ತೊಂಬತ್ತು ಚುಕ್ಕೆ ಒಂದು ಬಂತು, ಮೊದಲನೇ ಸ್ಥಾನ ಕಡುನೀಲಿಯವರ ಪಾಲಾಯಿತು. ಹುಡುಗಿ ಬಾಗಿಲ ಹಿಂದೆ ಕೂತು ಅಳುತ್ತಿದ್ದಳು. ಟೈಲರಕ್ಕ ಪತ್ರಿಕೆ ಹಿಡಿದು ಅವಳ ಪಕ್ಕ ನೆಲದ ಮೇಲೆ ಕುಳಿತಳು.

"ಇಲ್ನೋಡು. ನೂರಕ್ಕೆ ಇಷ್ಟು ಕಮ್ಮಿ ಬಿದ್ದಿದೆಯಲ್ಲ, ಅದು ಯಾರು ಗೊತ್ತಾ? ನೀನು. ಊರಿನ ಪೇಪರಲ್ಲಿ ಬಂದಿದ್ದೀಯ ಕಣೆ."

ಅಳುವಿನ ನಡುವೆಯೇ ಪುಟ್ಟಿಗೆ ನಗು ಬಂತು. "ಹೋಗು ಅತ್ತೆ!" ಎಂದಳು. ಅತ್ತೆ ಮಾತ್ರ ನಗಲಿಲ್ಲ. ಆ ಚುಕ್ಕೆಯ ಮೇಲೆ ಬೆರಳಿಟ್ಟು, ಹೊಟ್ಟೆಕಿಚ್ಚು ಪಡುವವಳ ಹಾಗೆ ನೋಡುತ್ತಿದ್ದಳು.

"ಮರುಪರೀಕ್ಷೆಗೆ ನೀನೂ ಕಟ್ಟು ಅತ್ತೆ. ದೊಡ್ಡೋರೂ ಕಟ್ಟಬಹುದಂತೆ. ಜೊತೆಗೆ ಹೋಗೋಣ."

"ಚೆನ್ನಾಗಿದೆ! ಹಗ್ಗದ ಮೇಲಿರೋದನ್ನೆಲ್ಲ ಯಾರು ಹೊಲೀತಾರೆ? ಮುಂದಿನ ವರ್ಷ ನೋಡೋ..."

ಮಾತು ಅಲ್ಲಿಗೇ ನಿಂತಿತು. ಪುಟ್ಟಿ ಮುಖ ತೊಳೆಯಲು ಹೋದಳು. ಟೈಲರಕ್ಕ ಎದ್ದು, ಬಟ್ಟೆ ಕತ್ತರಿಸುವ ಮೇಜಿನ ಮುಂದೆ ನಿಂತು, ಗುರುತು ಹಾಕುವ ಸೀಮೆಸುಣ್ಣ ಎತ್ತಿಕೊಂಡಳು. ಮೇಜಿನ ಮೂಲೆಯಲ್ಲಿ, ಕಿಟಕಿಯ ಬೆಳಕು ಬೀಳುವ ಕಡೆ, ಒಂದು ಪುಟ್ಟ ಚೌಕ ಬರೆದಳು. ಒಳಗೆ ಬರೆಯಲು ಅವಳ ಬಳಿ ನಂಬರ್ ಇರಲಿಲ್ಲ. ಹಸಿರು ಬಟ್ಟೆಯ ಥಾನು ಬಿಚ್ಚಿದಳು. ಅದನ್ನು ಚೌಕದ ಮೇಲೆ ಹಾಸಲಿಲ್ಲ. ಕೊಂಚ ಪಕ್ಕಕ್ಕೆ ಸರಿಸಿಕೊಂಡು ಹಾಸಿದಳು.